ಎದೆಗೂಡಿನ ಎಂಡೋಮೆಟ್ರಿಯೋಸಿಸ್: ರೋಗನಿರ್ಣಯ ಮತ್ತು ಚಿಕಿತ್ಸೆಯ ಚರಿತ್ರೆ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ ನೆಲೆಯೂರಿ, ಋತುಚಕ್ರದ ಹಾರ್ಮೋನುಗಳಿಗೆ ಸ್ಪಂದಿಸುತ್ತ ಉರಿಯೂತ, ರಕ್ತಸ್ರಾವ, ನೋವುಗಳನ್ನು ಉಂಟುಮಾಡುವ ಕಾಯಿಲೆಯನ್ನು ಎಂಡೋಮೆಟ್ರಿಯೋಸಿಸ್ ಎನ್ನುತ್ತಾರೆ. ಅಂಡಾಶಯ ಮತ್ತು ಕಿಬ್ಬೊಟ್ಟೆಯ ಒಳಪೊರೆ ಇದರ ಸಾಮಾನ್ಯ ನೆಲೆಗಳಾದರೂ ಹೊಕ್ಕುಳು, ಸಿಸೇರಿಯನ್ ಗಾಯದ ಕಲೆ, ಸಯಾಟಿಕ್ ನರ, ಶ್ವಾಸಕೋಶಗಳಲ್ಲಿಯೂ ಇದು ಕಂಡುಬಂದಿದೆ. ಫ್ರಾನ್ಸಿನ ವಿಲ್ಲಾರ್ 1886ರಷ್ಟು ಹಿಂದೆಯೇ ವರ್ಣಿಸಿದ ಹೊಕ್ಕುಳಿನ ಗಂಟು ಮುಟ್ಟಿನ ದಿನಗಳಲ್ಲಿ ಊದಿಕೊಂಡು, ಕೆಲವೊಮ್ಮೆ ರಕ್ತ ಜಿನುಗಿಸಿ, ತನ್ನ ಸ್ವಭಾವವನ್ನು ತಾನೇ ಹೊರಗೆಡಹುತ್ತದೆ. ಎದೆಗೂಡಿನೊಳಗಿನ ಕಾಯಿಲೆಗೆ ಅಂಥ ಬಹಿರಂಗ ಗುರುತಿಲ್ಲವಾದ್ದರಿಂದ ಅದರ ಚರಿತ್ರೆ ತಡವಾಗಿ ಆರಂಭವಾಗುತ್ತದೆ.

ಅಮೆರಿಕದ ಆಲ್ಬನಿಯ ಜಾನ್ ಸ್ಯಾಂಪ್ಸನ್ 1927ರಲ್ಲಿ, ಮುಟ್ಟಿನ ರಕ್ತವು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಒಳಪದರದ ತುಣುಕುಗಳನ್ನು ಹೊಟ್ಟೆಯೊಳಗೆ ಬಿತ್ತುತ್ತದೆ ಎಂದು ವಾದಿಸಿದರು. ಈ ವಾದವೊಂದೇ ಶ್ವಾಸಕೋಶದ ಒಡಲಿನಲ್ಲಿ ಸಿಗುವ ಗಂಟುಗಳನ್ನು ವಿವರಿಸಲಾರದು. ಅದೇ ವರ್ಷ ಸ್ಯಾಂಪ್ಸನ್ ಅವರೇ ರಕ್ತನಾಳಗಳ ಮೂಲಕವೂ ತುಣುಕುಗಳು ಸಾಗಬಹುದೆಂದು ಬರೆದದ್ದನ್ನು ನಂತರದವರು ಅಷ್ಟಾಗಿ ನೆನೆಯುವುದಿಲ್ಲ. ವಿಯೆನ್ನಾದ ಹಾಲ್ಬಾನ್ ದುಗ್ಧರಸ ನಾಳಗಳತ್ತ ಬೆರಳು ತೋರಿದ್ದರೆ, ರಾಬರ್ಟ್ ಮೇಯರ್ ಅವರ ಪಕ್ಷವು ದೇಹಕುಹರಗಳ ಪೊರೆಯೇ ರೂಪಾಂತರ ಹೊಂದುತ್ತದೆ ಎಂದಿತು. ಎಲ್ಲ ನೆಲೆಗಳಿಗೂ ಹೊಂದುವ ಒಂದೇ ಸಿದ್ಧಾಂತ ಇಂದಿಗೂ ದೊರೆತಿಲ್ಲ.

ಎದೆಗೂಡಿನ ಕಾಯಿಲೆಯನ್ನು ಸ್ಪಷ್ಟವಾಗಿ ಮುಟ್ಟಿಗೆ ಜೋಡಿಸಿದ ವರದಿ 1958ರದು. ಮುಟ್ಟಿನೊಂದಿಗೇ ಬಲಗಡೆಯ ಶ್ವಾಸಕೋಶ ಮತ್ತೆ ಮತ್ತೆ ಕುಸಿಯುತ್ತಿದ್ದ, ಅಂದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುತ್ತಿದ್ದ ಮಹಿಳೆಯೊಬ್ಬರ ವಪೆಯಲ್ಲಿ, ಎಂದರೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುಪರದೆಯಲ್ಲಿ, ಎಂಡೋಮೆಟ್ರಿಯೋಸಿಸ್ ಇದ್ದುದನ್ನು ಮೌರರ್ ಮತ್ತು ಸಂಗಡಿಗರು ಪ್ರಕಟಿಸಿದರು. 1996ರಲ್ಲಿ ಜೋಸೆಫ್ ಮತ್ತು ಸಾನ್ 110 ಪ್ರಕರಣಗಳನ್ನು ಪರಿಶೀಲಿಸಿದಾಗ ಸುಮಾರು ಮುಕ್ಕಾಲು ಪಾಲಿನಲ್ಲಿ ಇದೇ ಬಗೆಯ ಕುಸಿತವಿತ್ತು. ಉಳಿದವರಲ್ಲಿ ಎದೆಯಲ್ಲಿ ರಕ್ತ ತುಂಬುವುದು, ಕೆಮ್ಮಿನಲ್ಲಿ ರಕ್ತ ಬೀಳುವುದು, ಶ್ವಾಸಕೋಶದಲ್ಲಿ ಗಂಟುಗಳಿರುವುದು ಕಂಡುಬಂದವು.

ಈ ಕುಸಿತ ಬಹುಪಾಲು ಬಲಗಡೆಯೇ ಆಗುವುದಕ್ಕೆ ದೇಹರಚನೆಯಲ್ಲಿ ಕಾರಣ ಹುಡುಕಲಾಗಿದೆ. ಹೊಟ್ಟೆಯೊಳಗಿನ ದ್ರವವು ದೊಡ್ಡ ಕರುಳಿನ ಬಲ ಅಂಚನ್ನು ಹಿಡಿದು ಮೇಲೇರಿ ಪಿತ್ತಜನಕಾಂಗದ ಹಿಂಬದಿಗೂ ವಪೆಯ ಬಲಭಾಗಕ್ಕೂ ತಲುಪುತ್ತದೆ, ಅಲ್ಲಿಂದ ಎಡಕ್ಕೆ ದಾಟದಂತೆ ಪಿತ್ತಜನಕಾಂಗದ ಬಂಧಕವೊಂದು ತಡೆಯುತ್ತದೆ. ಅಲ್ಲಿ ನೆಲೆಸಿದ ಅಂಗಾಂಶವು ವಪೆಯ ನಡುವಿನ ತೆಳುವಾದ, ಸ್ನಾಯುವಿಲ್ಲದ ಭಾಗವನ್ನು ಕೊರೆದು ಕೆಲವೇ ಮಿಲಿಮೀಟರ್ ಅಗಲದ ರಂಧ್ರಗಳನ್ನು ಉಳಿಸುತ್ತದೆ ಮತ್ತು ಅವುಗಳ ಸುತ್ತ ಕಂದು ಇಲ್ಲವೆ ನೇರಳೆ ಬಣ್ಣದ ಚುಕ್ಕೆಗಳು ಶಸ್ತ್ರವೈದ್ಯರಿಗೆ ಕಾಣುತ್ತವೆ. ಗರ್ಭಕೋಶದ ಕಂಠವನ್ನು ಮುಚ್ಚಿರುವ ಲೋಳೆ ಮುಟ್ಟಿನಲ್ಲಿ ಕರಗಿದಾಗ ಹೊರಗಿನ ಗಾಳಿ ಈ ದಾರಿಯಲ್ಲಿ ಎದೆ ಸೇರುತ್ತದೆ ಎಂಬುದು ಒಂದು ವಿವರಣೆ. ಆದರೆ ರಂಧ್ರಗಳೇ ಕಾಣದ ರೋಗಿಗಳೂ ಇರುವುದರಿಂದ ಅದನ್ನು ಭಾಗಶಃ ಮಾತ್ರ ಒಪ್ಪಬಹುದು.

ರೋಗನಿರ್ಣಯದಲ್ಲಿ ಉಪಕರಣಕ್ಕಿಂತ ದಿನಾಂಕವೇ ಮುಂದೆ ನಿಂತಿದೆ. ಮುಟ್ಟು ಆರಂಭವಾದ 72 ಗಂಟೆಗಳ ಆಸುಪಾಸಿನಲ್ಲಿ ಲಕ್ಷಣಗಳು ಮರುಕಳಿಸಿದರೆ ಸಂಶಯ ಬಲಗೊಳ್ಳುತ್ತದೆ, ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳು ನೆರವಾಗುತ್ತವೆ, ಅವು ಸಹಜವಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲಾಗದು. ಕ್ಷಯರೋಗ ವ್ಯಾಪಕವಾಗಿರುವ ಭಾರತದಲ್ಲಿ ಕೆಮ್ಮಿನ ರಕ್ತ ಕಂಡೊಡನೆ ಕ್ಷಯದ ಶಂಕೆ ಮೂಡುವುದು ನ್ಯಾಯವೇ ಆದರೂ, ಕಫದ ಪರೀಕ್ಷೆಗಳಲ್ಲಿ ಏನೂ ಸಿಗದಿರುವಾಗ ಮುಟ್ಟಿನ ತಾರೀಖನ್ನು ಕೇಳದೆ ಕ್ಷಯದ ಔಷಧಿಯನ್ನೇ ಆರಂಭಿಸುವುದಕ್ಕೆ ಸಮರ್ಥನೆ ಕಷ್ಟ.

ಚಿಕಿತ್ಸೆಯ ಆರಂಭದ ದಶಕಗಳಲ್ಲಿ ಅಂಡಾಶಯಗಳನ್ನು ತೆಗೆಯುವ ಕಠಿಣ ಮಾರ್ಗವೂ ಬಳಕೆಯಲ್ಲಿತ್ತು. 1970ರ ದಶಕದಲ್ಲಿ ಬಂದ ಡೆನಜಾಲ್ ಆ ಅಗತ್ಯವನ್ನು ತಗ್ಗಿಸಿತಾದರೂ ಮುಖದ ಮೇಲೆ ಕೂದಲು, ಗಡಸು ಧ್ವನಿಯಂಥ ಬೆಲೆ ತೆರಿಸಿತು. ಅದರ ನಂತರ ಬಂದ, ಅಂಡಾಶಯವನ್ನು ತಾತ್ಕಾಲಿಕವಾಗಿ ಮೌನಗೊಳಿಸುವ ಚುಚ್ಚುಮದ್ದುಗಳು ಮೂಳೆಯನ್ನು ಸವೆಸುತ್ತವೆ. ಇಂದು ಕ್ಯಾಮೆರಾದ ನೆರವಿನಿಂದ ಎದೆಯನ್ನು ಪರೀಕ್ಷಿಸಿ, ಚುಕ್ಕೆಗಳನ್ನು ಕತ್ತರಿಸಿ, ವಪೆಯ ರಂಧ್ರಗಳನ್ನು ಹೊಲಿದು, ಶ್ವಾಸಕೋಶವು ಎದೆಗೋಡೆಗೆ ಅಂಟಿಕೊಳ್ಳುವಂತೆ ಮಾಡುವುದು ರೂಢಿ. ಆದರೂ ಕಾಯಿಲೆ ಮರುಕಳಿಸುವುದುಂಟಾದ್ದರಿಂದ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಹಲವು ತಿಂಗಳ ಹಾರ್ಮೋನು ಚಿಕಿತ್ಸೆಯನ್ನೂ ಸೂಚಿಸುತ್ತಾರೆ. ಈ ಔಷಧಿಗಳು ಅಂಡೋತ್ಪತ್ತಿಯನ್ನೇ ತಡೆಯುವುದರಿಂದ ಮಗು ಬಯಸುವವರಲ್ಲಿ ಹಾರ್ಮೋನು ಚಿಕಿತ್ಸೆ ಮತ್ತು ಗರ್ಭಧಾರಣೆಯ ಪ್ರಯತ್ನ ಎರಡರ ಅನುಕ್ರಮವನ್ನು ಎದೆಯ ಶಸ್ತ್ರವೈದ್ಯರೂ ಸ್ತ್ರೀರೋಗ ತಜ್ಞರೂ ರೋಗಿಯೊಂದಿಗೆ ಕುಳಿತು ಮೊದಲೇ ನಿರ್ಧರಿಸಬೇಕಾಗುತ್ತದೆ.