ಫ್ಲಿಪ್ಪರ್ (ಪಿನ್‌ಬಾಲ್)

ಪಿನ್‌ಬಾಲ್ ಯಂತ್ರದಲ್ಲಿ ಉಕ್ಕಿನ ಗುಂಡನ್ನು ಮೇಲಕ್ಕೆ ಹೊಡೆಯುವ, ವಿದ್ಯುತ್ ಕಾಯಿಲ್‌ನಿಂದ ಚಲಿಸುವ ಕೈ. 1947ರಲ್ಲಿ ಶಿಕಾಗೊದ ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ ಬಳಕೆಗೆ ಬಂತು. ಹಳೆಯ ಯಂತ್ರಗಳ ಕಾಯಿಲ್‌ಗೆ ಎರಡು ಸುತ್ತು: ದಪ್ಪ ತಂತಿಯದು ಹೊಡೆತಕ್ಕೆ, ಸಣ್ಣ ತಂತಿಯದು ಎತ್ತಿ ಹಿಡಿಯಲು. ಕೈ ಪೂರ್ತಿ ಏರಿದಾಗ ಚಲನೆಯ ಕೊನೆಯಲ್ಲಿರುವ ಸ್ವಿಚ್ಚು ತೆರೆದುಕೊಂಡು ಕರೆಂಟು ತಗ್ಗುತ್ತದೆ. ಗುಂಡನ್ನು ಫ್ಲಿಪ್ಪರ್ ಮೇಲೆ ತಡೆದು ನಿಲ್ಲಿಸಿ ಗುರಿಯಿಡುವುದು ಪಳಗಿದವರ ಆಟ. ಆದರೆ ಆ ಸ್ವಿಚ್ಚು ತೆರೆಯದೆ ಅಂಟಿಕೊಂಡಿದ್ದರೆ, ಬಟನ್ ಒತ್ತಿ ಹಿಡಿದಷ್ಟೂ ಕಾಯಿಲ್ ಸುಡುತ್ತದೆ. ರೈತರಿಗೆ ಪಂಪ್‌ಸೆಟ್ ಮೋಟರ್ ಸುಟ್ಟಾಗಿನ ವಾರ್ನಿಷ್ ವಾಸನೆ ಗೊತ್ತು, ಇಲ್ಲಿ ಬರುವುದೂ ಅದೇ ವಾಸನೆ. ಹೊಡೆತ ಸೊರಗಿದರೆ ಜನ ಕಾಯಿಲ್ಲನ್ನೇ ದೂರುತ್ತಾರೆ, ಸುಮ್ಮನೆ. ಹೆಚ್ಚಾಗಿ ಸವೆದಿರುವುದು ಅದರೊಳಗಿನ ನೈಲಾನ್ ಕೊಳವೆ ಮತ್ತು ಕಾಯಿಲ್ ಎಳೆಯುವ ಸರಳಾದ ಪ್ಲಂಜರಿನ ತುದಿ. ಆ ಕೊಳವೆಗೆ ಎಣ್ಣೆ ಬಿಡಬಾರದು.