ಜೋಳ, ರಾಗಿ ಮತ್ತು ಗ್ರಾನಾ: ಥೈಲಕಾಯ್ಡ್ ಅಡಕಿಲು ಏಕೆ?

ದ್ಯುತಿಸಂಶ್ಲೇಷಣೆಯ ಬೆಳಕಿನ ಕ್ರಿಯೆಗಳು ನಡೆಯುವುದು ಕ್ಲೋರೋಪ್ಲಾಸ್ಟಿನೊಳಗಿನ ಥೈಲಕಾಯ್ಡ್ ಪೊರೆಗಳಲ್ಲಿ. ಈ ಪೊರೆ ಕೆಲವೆಡೆ ರೊಟ್ಟಿ ಒಟ್ಟಿದಂತೆ ಒಂದರ ಮೇಲೊಂದು ಕೂತು ಗ್ರಾನಾ ಎನಿಸಿಕೊಳ್ಳುತ್ತದೆ. ಉಳಿದೆಡೆ ಬಿಡಿಯಾಗಿ ಸ್ಟ್ರೋಮಾ ಎಂಬ ಒಳದ್ರವದಲ್ಲಿ ಹಾಯುತ್ತದೆ. ಮೇಲ್ಮೈ ಹೆಚ್ಚಿಸಲು ಈ ಅಡಕಿಲು ಎಂಬ ರೂಢಿಯ ವಿವರಣೆ ಸಾಲದು. ಬಿಡಿಬಿಡಿಯಾಗಿದ್ದರೂ ಪೊರೆಯ ವಿಸ್ತಾರ ಅಷ್ಟೇ ಅಲ್ಲವೆ?

1980ರಲ್ಲಿ ಬರ್ಟಿಲ್ ಆಂಡರ್ಶನ್ ಮತ್ತು ಜ್ಯಾನ್ ಆಂಡರ್ಸನ್ ಮಂಡಿಸಿದ ಚಿತ್ರ ಹೀಗಿದೆ: ನೀರನ್ನು ಒಡೆಯುವ ದ್ಯುತಿವ್ಯವಸ್ಥೆ-2 ಬಹುಪಾಲು ಅಡಕಿಲಿನ ಒಳಗೆ, ದ್ಯುತಿವ್ಯವಸ್ಥೆ-1 ಮತ್ತು ಎಟಿಪಿ ತಯಾರಿಸುವ ಕಿಣ್ವ ಎಟಿಪಿ ಸಿಂಥೇಸ್ ಹೊರಗಿನ ಪೊರೆಯಲ್ಲಿ. ಸಿಂಥೇಸ್ ಹೊರಗುಳಿಯಲು ಕಾರಣ ಸರಳ. ಅಡಕಿಲಿನಲ್ಲಿ ಪೊರೆಗಳ ನಡುವಿನ ಸಂದು ಸುಮಾರು 4 ನ್ಯಾನೋಮೀಟರ್. ಸಿಂಥೇಸಿನ ತಲೆ ಪೊರೆಯಿಂದ 10ಕ್ಕೂ ಹೆಚ್ಚು ನ್ಯಾನೋಮೀಟರ್ ಚಾಚಿರುತ್ತದೆ. ದ್ಯುತಿವ್ಯವಸ್ಥೆಗಳು ಬೇರೆಯಾಗಿರುವುದಕ್ಕೂ ಕಾರಣವಿದೆ: ಎರಡೂ ಅಕ್ಕಪಕ್ಕ ಇದ್ದರೆ ಚುರುಕಾದ ಒಂದನೆಯದು ಎರಡನೆಯದರ ಶಕ್ತಿಯನ್ನು ಸೆಳೆದುಕೊಳ್ಳುತ್ತದೆ. ಲವಣ ತೀರ ಕಡಿಮೆಯಿರುವ ದ್ರಾವಣದಲ್ಲಿ ಅಡಕಿಲು ಬಿಚ್ಚಿಕೊಂಡು ಇವೆರಡೂ ಬೆರೆಯುತ್ತವೆ. ಮೆಗ್ನೀಸಿಯಂ ಸೇರಿಸಿದರೆ ಪೊರೆಗಳು ಮತ್ತೆ ಅಡಕಿಲಾಗುತ್ತವೆ.

ಇದಕ್ಕಿಂತ ಗಟ್ಟಿ ಸಾಕ್ಷ್ಯ ನಮ್ಮ ಹೊಲದಲ್ಲೇ ಇದೆ. ಜೋಳ, ರಾಗಿ ಎರಡೂ ಸಿ-4 ಬೆಳೆಗಳು: ಇಂಗಾಲವನ್ನು ಮೊದಲು ಎಲೆಯ ಪತ್ರಮಧ್ಯದ ಕೋಶಗಳಲ್ಲಿ ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು, ಒಳಗಿನ ಕೋಶಗಳಿಗೆ ಸಾಗಿಸುತ್ತವೆ. ಎರಡರಲ್ಲೂ ಸಕ್ಕರೆ ಕಟ್ಟುವ ಕೆಲಸ ನಾಳಕೂರ್ಚವನ್ನು ಸುತ್ತುವರಿದ ಕವಚಕೋಶಗಳದ್ದು. ಆದರೆ ಜೋಳದ ಕವಚಕೋಶದ ಕ್ಲೋರೋಪ್ಲಾಸ್ಟಿನಲ್ಲಿ ಗ್ರಾನಾ ಇಲ್ಲವೆನ್ನುವಷ್ಟು ಕಡಿಮೆ. ರಾಗಿಯದರಲ್ಲಿ ಚೆನ್ನಾಗಿ ಬೆಳೆದಿರುತ್ತವೆ. ಜೋಳದಲ್ಲಿ ಪತ್ರಮಧ್ಯದಿಂದ ಬರುವ ಮ್ಯಾಲೇಟ್, ಕ್ಲೋರೋಪ್ಲಾಸ್ಟಿನೊಳಗೇ ಒಡೆದು ಇಂಗಾಲದ ಡೈಆಕ್ಸೈಡಿನ ಜೊತೆಗೆ ಸಕ್ಕರೆ ಕಟ್ಟಲು ಬೇಕಾದ ಎನ್‌ಎಡಿಪಿಎಚ್ ಅನ್ನೂ ಕೊಡುತ್ತದೆ. ಹಾಗಾಗಿ ಅಲ್ಲಿ ನೀರು ಒಡೆಯುವ ಅಗತ್ಯ ತಗ್ಗುತ್ತದೆ. ದ್ಯುತಿವ್ಯವಸ್ಥೆ-1 ತಾನೊಂದೇ ಎಟಿಪಿ ಒದಗಿಸುತ್ತದೆ. ಇಂಗಾಲ ಹಿಡಿಯುವ ಕೆಲಸಕ್ಕೆ ಅಡ್ಡಿಯಾಗುವ ಆಮ್ಲಜನಕ ಹೆಚ್ಚು ಹುಟ್ಟದಿರುವುದು ಹೆಚ್ಚುವರಿ ಲಾಭ. ರಾಗಿಯಲ್ಲಿ ಬರುವುದು ಮುಖ್ಯವಾಗಿ ಆಸ್ಪಾರ್ಟೇಟ್. ಅದರಿಂದ ಮೈಟೋಕಾಂಡ್ರಿಯದಲ್ಲಿ ಹುಟ್ಟುವ ಮ್ಯಾಲೇಟ್ ಅಲ್ಲೇ ಒಡೆಯುವುದರಿಂದ ಕ್ಲೋರೋಪ್ಲಾಸ್ಟಿಗೆ ಎನ್‌ಎಡಿಪಿಎಚ್ ದಕ್ಕುವುದಿಲ್ಲ. ಅದನ್ನು ತಾನೇ ತಯಾರಿಸಿಕೊಳ್ಳಬೇಕು, ಅದಕ್ಕೆ ಗ್ರಾನಾ ಬೇಕು.

ನೆರಳಿನ ಗಿಡಗಳದ್ದು ಬೇರೆ ಲೆಕ್ಕ. ಕೆಸುವಿನ ಬಳಗದ ಆಲೊಕೇಸಿಯಾದಲ್ಲಿ ಒಂದೊಂದು ಅಡಕಿಲಿನಲ್ಲಿ 100ಕ್ಕೂ ಹೆಚ್ಚು ಪದರಗಳು ಕಂಡಿವೆ. ಅಲ್ಲಿ ಕೊರತೆ ಇರುವುದೇ ಬೆಳಕಿನದು, ಅದನ್ನು ಹಿಡಿಯಲು ದೊಡ್ಡ ಅಡಕಿಲು. ಅಂದರೆ ಗ್ರಾನಾದ ಗಾತ್ರವನ್ನು ಒಂದೇ ಕಾರಣಕ್ಕೆ ಕಟ್ಟಿಹಾಕುವುದು ಸರಿಯಲ್ಲ. ಆದರೂ ಅಡಕಿಲಿಗೂ ದ್ಯುತಿವ್ಯವಸ್ಥೆ-2ಕ್ಕೂ ಇರುವ ನಂಟನ್ನು ಜೋಳ-ರಾಗಿಯಷ್ಟು ಸ್ಪಷ್ಟವಾಗಿ ತೋರುವ ಜೋಡಿ ಅಪರೂಪ. ನಮ್ಮ ಸಸ್ಯಶಾಸ್ತ್ರ ಪಠ್ಯಗಳಲ್ಲಿ ಕ್ಲೋರೋಪ್ಲಾಸ್ಟಿನ ಮಾಮೂಲಿ ಚಿತ್ರದ ಪಕ್ಕದಲ್ಲಿ ಈ ಎರಡು ಎಲೆಗಳ ಚಿತ್ರಗಳೂ ಬರಬೇಕು.