ಪೇಟೆಂಟ್‌ಗಳ ಲೆಕ್ಕ ನೋಡಿದ ಅರ್ಥಶಾಸ್ತ್ರಜ್ಞ ಪ್ರೊ. ಜ್ವಿ ಗ್ರಿಲಿಚಸ್

ಹೊಸ ಸಂಶೋಧನೆಗೆ ಹಾಕಿದ ಹಣ ಸಮಾಜಕ್ಕೆ ಎಷ್ಟು ಲಾಭ ತರುತ್ತದೆ ಎಂದು ಅಂಕಿಅಂಶಗಳಿಂದ ಅಳೆಯಲು ಜೀವಮಾನವಿಡೀ ದುಡಿದವರು ಪ್ರೊ. ಜ್ವಿ ಗ್ರಿಲಿಚಸ್. 1930ರಲ್ಲಿ ಲಿಥುವೇನಿಯಾದ ಕೌನಸ್ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದರು. ನಾಜಿಗಳ ಹಾವಳಿಯಲ್ಲಿ ತಂದೆ ತಾಯಿಯನ್ನು ಕಳೆದುಕೊಂಡರು. ದಖಾವು ಬಂದಿಶಿಬಿರದ ಯಾತನೆ ಅನುಭವಿಸಿ 1945ರಲ್ಲಿ ಬಿಡುಗಡೆಯಾದಾಗ ಅವರಿಗೆ ವಯಸ್ಸು 14. ಹೈಸ್ಕೂಲು ಕಲಿಯುವ ಅವಕಾಶವೇ ಇರಲಿಲ್ಲ. ತಾವೇ ಓದಿಕೊಂಡು ಪರೀಕ್ಷೆ ಪಾಸು ಮಾಡಿದರು. ಅಮೆರಿಕದ ಬರ್ಕ್ಲಿಯಲ್ಲಿ ಕೃಷಿ ಅರ್ಥಶಾಸ್ತ್ರ ಓದಿ, 1957ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಅವರ ಡಾಕ್ಟರೇಟ್ ವಿಷಯ ಹೈಬ್ರಿಡ್ ಮೆಕ್ಕೆಜೋಳ. ಈ ಬೀಜ ಅಯೋವಾ ರಾಜ್ಯದಲ್ಲಿ ಬೇಗ ಹರಡಿತು, ಅಲಬಾಮಾಕ್ಕೆ ಬರಲು ಹತ್ತಕ್ಕೂ ಹೆಚ್ಚು ವರ್ಷ ತಡವಾಯಿತು. ರೈತರು ಹಳೆಯ ಕಾಲದವರು ಎಂದು ದೂರುವುದು ಸುಲಭ. ಗ್ರಿಲಿಚಸ್ ಅವರು ಲೆಕ್ಕ ನೋಡಿದರು. ಮಾರುಕಟ್ಟೆ ದೊಡ್ಡದಿದ್ದ ಕಡೆಗೆ ಬೀಜದ ಕಂಪನಿಗಳು ಮೊದಲು ಹೋಗಿದ್ದವು. ಎಕರೆಗೆ ಲಾಭ ಹೆಚ್ಚು ಕಂಡ ಕಡೆ ರೈತರು ಬೇಗ ಒಪ್ಪಿಕೊಂಡಿದ್ದರು. ವ್ಯಾಪಾರ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ, ಆದರೆ ಅಂಕಿಗಳಿಂದ ತೋರಿಸಿಕೊಟ್ಟವರು ಅವರು. ಈ ಸಂಶೋಧನೆಗೆ ಹಾಕಿದ ಹಣಕ್ಕೆ ಸಮಾಜಕ್ಕೆ ವರ್ಷಕ್ಕೆ ಸುಮಾರು ಶೇ. 700 ಪ್ರತಿಫಲ ಬಂದಿದೆ ಎಂದು 1958ರಲ್ಲಿ ಬರೆದರು. ಇದು ಗೆದ್ದ ಸಂಶೋಧನೆಯ ಲೆಕ್ಕ, ಎಲ್ಲಕ್ಕೂ ಅನ್ವಯಿಸಬಾರದು ಎಂಬ ಎಚ್ಚರಿಕೆಯನ್ನೂ ಕೊಟ್ಟರು.

1965ರಲ್ಲಿ ಜಾನ್ ಬೇಟ್ಸ್ ಕ್ಲಾರ್ಕ್ ಪದಕ ಸಂದಿತು. 1969ರಿಂದ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರು.

ಅಲ್ಲಿ ಅವರ ಬಳಗ ಪೇಟೆಂಟ್‌ಗಳ ದಾಖಲೆಗಳನ್ನು ಕೈಗೆತ್ತಿಕೊಂಡಿತು. ಕಂಪನಿ ಕಂಪನಿಗಳನ್ನು ಹೋಲಿಸಿದರೆ, ಸಂಶೋಧನೆಗೆ ಹೆಚ್ಚು ಖರ್ಚು ಮಾಡಿದವರ ಪೇಟೆಂಟ್‌ಗಳೂ ಹೆಚ್ಚು ಎಂಬುದು ಸ್ಪಷ್ಟವಾಯಿತು. ಆದರೆ ಎಣಿಕೆಯನ್ನೇ ನಂಬಬಾರದು ಎಂದು 1990ರ ಪ್ರಸಿದ್ಧ ಲೇಖನದಲ್ಲಿ ವಿವರಿಸಿದರು. ಯುರೋಪಿನಲ್ಲಿ ಪೇಟೆಂಟ್ ಉಳಿಸಿಕೊಳ್ಳಲು ನವೀಕರಣ ಶುಲ್ಕ ಕಟ್ಟಬೇಕು. ಎಷ್ಟೋ ಮಾಲೀಕರು ಕೆಲವೇ ವರ್ಷಗಳಲ್ಲಿ ಕಟ್ಟುವುದನ್ನು ಬಿಡುತ್ತಾರೆ, ಅಂದರೆ ಅದರ ಬೆಲೆ ಆ ಶುಲ್ಕದಷ್ಟೂ ಇಲ್ಲ! ಹೆಚ್ಚಿನ ಬೆಲೆಯೆಲ್ಲ ಬೆರಳೆಣಿಕೆಯ ಪೇಟೆಂಟ್‌ಗಳಲ್ಲಿರುತ್ತದೆ. 1979ರಲ್ಲಿ ಅಮೆರಿಕದಲ್ಲಿ ಪೇಟೆಂಟ್‌ಗಳ ಸಂಖ್ಯೆ ಥಟ್ಟನೆ ಇಳಿಯಿತು. ಹೊಸ ಶೋಧಗಳು ನಿಂತುಹೋಗಿರಲಿಲ್ಲ. ಮಂಜೂರಾದವನ್ನು ಮುದ್ರಿಸಲು ಕಚೇರಿಯ ಬಜೆಟ್‌ನಲ್ಲಿ ಹಣವಿರಲಿಲ್ಲ, ಅಷ್ಟೆ.

ಗ್ರಿಲಿಚಸ್ 1999ರ ನವೆಂಬರ್‌ನಲ್ಲಿ ನಿಧನರಾದರು. ಅವರ ಶಿಷ್ಯರಾದ ಆಡಮ್ ಜಾಫ್, ಮನುವೆಲ್ ಟ್ರಾಜ್ಟೆನ್‌ಬರ್ಗ್ ಹಾಗೂ ಅವರೊಡನೆ ದುಡಿದ ಬ್ರಾನ್ವಿನ್ ಹಾಲ್ ಸೇರಿ, ಸುಮಾರು 30 ಲಕ್ಷ ಅಮೆರಿಕನ್ ಪೇಟೆಂಟ್‌ಗಳ ಮಾಹಿತಿಯನ್ನು 2001ರಲ್ಲಿ ಎಲ್ಲ ಸಂಶೋಧಕರಿಗೂ ಮುಕ್ತವಾಗಿ ಒದಗಿಸಿದರು.